ಸೆಲ್ಲಿ ಓಕ್‌ನಲ್ಲಿ ಹಾಕಿದ ಲೆಕ್ಕಕ್ಕಿಲ್ಲದ ಮತ

ಗಾಳಿ ಬೋರ್ನ್‌ವಿಲ್ ಕಡೆಯಿಂದ ಬೀಸಿದರೆ ಸೆಲ್ಲಿ ಓಕ್ ಸ್ಟೇಷನ್ನಿಗೆ ಚಾಕೊಲೇಟ್ ಕಾರ್ಖಾನೆಯ ವಾಸನೆ ಬರುತ್ತದೆ. ಹೊಸದಾಗಿ ಬಂದವರು ಪ್ಲಾಟ್‌ಫಾರ್ಮಿನ ಮೇಲೆ ಮೂಗು ಅರಳಿಸಿ ನಿಲ್ಲುತ್ತಾರೆ. ನನಗೆ ಆ ವಾಸನೆ ಬಡಿದರೆ ಮೈ ಉರಿಯುತ್ತದೆ. ಕಳೆದ ನವೆಂಬರಿನಲ್ಲಿ, ನಾನು ಈಗ ಕೆಲಸದಲ್ಲಿರುವ ಮ್ಯಾಕಲ್ಸ್‌ಫೀಲ್ಡ್‌ನಿಂದ ಹೊರಟು, ಬರ್ಮಿಂಗ್‌ಹ್ಯಾಮ್‌ನಲ್ಲಿ ರೈಲು ಬದಲಿಸಿ ಅಲ್ಲಿ ಇಳಿದಾಗಲೂ ಅದು ನನ್ನನ್ನೇ ಕಾಯುತ್ತಿದ್ದಂತಿತ್ತು. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕರೆದಿದ್ದರು. ನನಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರಂತೆ. ಯಾತಕ್ಕೆಂದರೆ, ಹಿಂದಿನ ವರ್ಷ ಇದೇ ಊರಿನಲ್ಲಿ ನಾನು ಶುರು ಮಾಡಿದ ಒಂದು ಮತದಾನಕ್ಕೆ. ಆ ಮತದಾನದಿಂದ ನನ್ನ ಕೈಬಿಟ್ಟು ಹೋದದ್ದು ಏನು ಅಂತ ಅವರಲ್ಲಿ ಒಬ್ಬರೂ ಇವತ್ತಿನವರೆಗೆ ಕೇಳಿಲ್ಲ.

ಆ ವರ್ಷ ನಾನು ಬರ್ಮಿಂಗ್‌ಹ್ಯಾಮ್‌ನ ಬಡಾವಣೆಯಾದ ಸೆಲ್ಲಿ ಓಕ್‌ನಲ್ಲಿದ್ದೆ. ಗದಗಿನವಳು, ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಲು ಬಂದವಳು. ಕೆಂಪು ಇಟ್ಟಿಗೆಯ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತ ಬೀದಿಯಲ್ಲಿ ಒಂದು ಹಳೇ ಮನೆ, ಅದರಲ್ಲಿ ನಾವು ಐದು ಜನ ವಿದ್ಯಾರ್ಥಿಗಳು. ಕಿಟಕಿಯ ಮೂಲೆಯಲ್ಲಿ ಬೂಷ್ಟು. ಒರೆಸಿದರೆ ವಾರದೊಳಗೆ ಮತ್ತೆ ಬೂಷ್ಟು. ಹೀಟರನ್ನು ಮನೆಯ ಮಾಲೀಕ ಎಲ್ಲೋ ಕೂತು ತನ್ನ ಫೋನಿನಿಂದ ಆರಿಸುತ್ತಿದ್ದ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ತಲೆಗೂದಲು ಒಣಗುತ್ತಿರಲಿಲ್ಲ. ಮಧ್ಯಾಹ್ನ ಮುಗಿಯುವ ಮೊದಲೇ ಕತ್ತಲಾಗುವ ಊರನ್ನು ಯಾರು ಹೇಗೆ ಪ್ರೀತಿಸುತ್ತಾರೋ ನನಗೆ ತಿಳಿಯದು. ಸೋಮವಾರದಿಂದ ಶನಿವಾರದವರೆಗೆ ನನ್ನ ಹೆಸರನ್ನು ಸರಿಯಾಗಿ ಕರೆದವರು ಒಬ್ಬರೂ ಇರಲಿಲ್ಲ.

ಭಾನುವಾರ ಮಾತ್ರ ನಾನು ಮನುಷ್ಯಳಾಗುತ್ತಿದ್ದೆ. ನಮ್ಮ ಬೀದಿಯ ತುದಿಯಲ್ಲಿದ್ದ ಚರ್ಚ್ ಹಾಲನ್ನು ಸಂಘದವರು ಅವತ್ತು ಬಾಡಿಗೆಗೆ ಹಿಡಿಯುತ್ತಿದ್ದರು. ಬೆಳಿಗ್ಗೆ ವಿದ್ಯಾರ್ಥಿಗಳು ಹೋಗಿ ಕುರ್ಚಿ ಹಾಕಿ, ಅನ್ನ, ಸಾರು, ಪಲ್ಯ ಮಾಡುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹಾರ್ಬೋರ್ನ್ ಕಡೆಯಿಂದ, ಸಾಲಿಹಲ್ ಕಡೆಯಿಂದ ಸಂಸಾರಗಳು ಕಾರಿನಲ್ಲಿ ಬಂದು ಇಳಿಯುತ್ತಿದ್ದವು. ದೊಡ್ಡವರು ಮಾರ್ಟ್‌ಗೇಜಿನ ಮಾತಿಗೆ ಕೂತರೆ ನಾನು ಒಳಕೋಣೆಯಲ್ಲಿ ಅವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಆ ಮಕ್ಕಳಿಗೆ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅನನ್ಯಾ ಅಂತ ಒಬ್ಬ ಹುಡುಗಿ 'ಳ' ಬರೆಯುವಾಗ ನಾಲಿಗೆ ಹೊರಗೆ ಹಾಕಿ ಬರೆಯುತ್ತಿದ್ದಳು. ಬರೆದು ಮುಗಿಸಿ ನನ್ನ ಮುಖ ನೋಡುತ್ತಿದ್ದಳು. ವಾರದಲ್ಲಿ ಆ ಒಂದು ಗಂಟೆ ನಾನು ಯಾರಿಗೋ ಬೇಕಾದವಳಾಗಿದ್ದೆ. ಅದು ಇಲ್ಲದಿದ್ದರೆ ಮೊದಲ ಚಳಿಗಾಲದಲ್ಲೇ ಊರಿಗೆ ಓಡಿಹೋಗುತ್ತಿದ್ದೆ.

ಊಟವಾದ ಮೇಲೆ ಪಾತ್ರೆಗಳೂ ನಮ್ಮವೇ. ಅಡುಗೆಮನೆಯ ಸಿಂಕಿಗೆ ಎರಡು ನಲ್ಲಿ. ಒಂದರಲ್ಲಿ ಕೈ ಬೇಯುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ಎರಡನ್ನೂ ಕೂಡಿಸುವ ಬುದ್ಧಿ ಈ ದೇಶಕ್ಕೆ ಇನ್ನೂ ಪೂರ್ತಿ ಬಂದಿಲ್ಲ. ಸಂಘದಲ್ಲಿ ಮತ ಇದ್ದದ್ದು ಆಜೀವ ಸದಸ್ಯರಿಗೆ, ಅಂದರೆ ಈ ದೇಶದಲ್ಲಿ ನೆಲೆ ನಿಂತು, ಮನೆ ಕೊಂಡವರಿಗೆ. ವಿದ್ಯಾರ್ಥಿಗಳಿಗೆ ಅಲ್ಲಿ ಅತಿಥಿ ಸದಸ್ಯರು ಅಂತ ಹೆಸರು. ತಳ ಹತ್ತಿದ ಸಾರಿನ ಹಂಡೆಯನ್ನು ಅತಿಥಿಗಳ ಕೈಯಲ್ಲಿ ಉಜ್ಜಿಸುವ ಪದ್ಧತಿ ನಮ್ಮ ಕಡೆ ನಾನು ಎಲ್ಲೂ ನೋಡಿಲ್ಲ.

ಜುಲೈನಲ್ಲಿ ಈ ದೇಶದ ಪಾರ್ಲಿಮೆಂಟಿಗೆ ಚುನಾವಣೆ ಬಂತು. ಕಾಮನ್‌ವೆಲ್ತ್ ದೇಶದವರೆಂದು ನಮಗೂ ಮತ ಇತ್ತು. ನಾನು ಪಾಸ್‌ಪೋರ್ಟ್ ಹಿಡಿದು ಜಿಟಿಜಿಟಿ ಮಳೆಯಲ್ಲಿ ಹೋಗಿ ಮತ ಹಾಕಿ ಬಂದೆ. ದಾರ ಕಟ್ಟಿದ ಮೋಟು ಪೆನ್ಸಿಲ್ ಕೊಟ್ಟರು. ಬೆರಳಿಗೆ ಮಸಿ ಇಲ್ಲ, ಏನಿಲ್ಲ. ಮತ ಹಾಕಿದಂತೆಯೇ ಅನಿಸಲಿಲ್ಲ ಅಂತ ಮನೆಗೆ ಬಂದು ಗೊಣಗಿದೆ.

ಕೇಳಿಸಿಕೊಂಡವಳು ಪಕ್ಕದ ರೂಮಿನ ತಾಸಿ. ಅವಳು ಗುವಾಮ್ ದ್ವೀಪದವಳು. ಅದು ಫಿಲಿಪೈನ್ಸಿನ ಆಚೆ, ಪೆಸಿಫಿಕ್ ಸಾಗರದ ನಡುವೆ ಇರುವ ಅಮೆರಿಕದ ಒಂದು ತುಣುಕು. ಅಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳು, ಆದರೆ ಅಮೆರಿಕದ ಅಧ್ಯಕ್ಷನನ್ನು ಆರಿಸುವ ಹಕ್ಕು ಅವರಿಗಿಲ್ಲ. ನನಗೆ ಇದು ಗೊತ್ತೇ ಇರಲಿಲ್ಲ.

"ನಿನ್ನೆ ಮೊನ್ನೆ ಬಂದ ನೀನು ಇಲ್ಲಿನ ಸರ್ಕಾರ ಆರಿಸಿ ಬಂದೆ. ನನ್ನ ತಾತ ಅಮೆರಿಕದ ಸೈನ್ಯದಲ್ಲಿ ಕಾಲು ಕಳೆದುಕೊಂಡವನು, ಅವನಿಗೆ ಮತ ಇಲ್ಲ" ಅಂದಳು. "ಒಹಾಯೋ ರಾಜ್ಯದವನೊಬ್ಬ ಈ ಬೀದಿಗೆ ಬಂದು ಇದ್ದರೂ ಅವನ ಮತ ಅವನ ಜೊತೆಗೇ ಇರುತ್ತದೆ. ಅವನೇ ನಮ್ಮ ದ್ವೀಪಕ್ಕೆ ಬಂದು ಮನೆ ಮಾಡಿದರೆ ಆ ಮತ ಹೋಯಿತು."

"ಹಾಗಾದರೆ ಚುನಾವಣೆಯ ದಿನ ನೀವೇನು ಮಾಡುತ್ತೀರಿ?"

"ನಾವೂ ಹಾಕುತ್ತೇವೆ. ನಮ್ಮ ಮತಪತ್ರದಲ್ಲಿ ಅಧ್ಯಕ್ಷರ ಹೆಸರುಗಳೂ ಇರುತ್ತವೆ. ಎಣಿಸುತ್ತಾರೆ, ಯಾರು ಗೆದ್ದರು ಅಂತ ಹೇಳುತ್ತಾರೆ. ಅದು ಯಾವ ಲೆಕ್ಕಕ್ಕೂ ಇಲ್ಲ. ಅಮೆರಿಕದಲ್ಲಿ ಬೆಳಗಾಗುವುದು ನಮ್ಮಲ್ಲೇ ಮೊದಲು, ಹಾಗಾಗಿ ನಮ್ಮ ಫಲಿತಾಂಶ ಎಲ್ಲರಿಗಿಂತ ಮುಂಚೆ ಬರುತ್ತದೆ. ಟಿವಿಯವರು ನಗುತ್ತಾ ಒಂದು ಸಾಲು ಓದುತ್ತಾರೆ. ಆಮೇಲೆ ನಿಜವಾದ ಎಣಿಕೆ."

ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಸಂಘದ ಅಧ್ಯಕ್ಷರ ವಾರ್ಷಿಕ ಚುನಾವಣೆ ಹತ್ತಿರ ಬಂತು. ನಿಂತವರು ಇಬ್ಬರು. ಒಬ್ಬರು ಕಾರ್ಯದರ್ಶಿಯಾಗಿದ್ದ ಪ್ರಸನ್ನ ಸರ್, ಬೆಂಗಳೂರಿನ ಜಯನಗರದವರು, ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ. ಯಾರ ಮೇಲೂ ದನಿ ಏರಿಸಿದವರಲ್ಲ, ಯಾವಾಗಲೂ ನಗುಮುಖ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಇನ್ನೊಬ್ಬರು ವೈಲೆಟ್ ಆಂಟಿ, ಮಂಗಳೂರಿನವರು, ಹಾರ್ಬೋರ್ನ್‌ನಲ್ಲಿದ್ದುಕೊಂಡು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನೈಟ್ ಡ್ಯೂಟಿ ಮುಗಿಸಿ ನೇರ ಹಾಲಿಗೆ ಬಂದು ನಮ್ಮ ಜೊತೆ ಈರುಳ್ಳಿ ಹೆಚ್ಚುತ್ತಿದ್ದ ಆಜೀವ ಸದಸ್ಯರೆಂದರೆ ಅವರೊಬ್ಬರೇ.

ಪ್ರಸನ್ನ ಸರ್ ಗೆದ್ದರೆ ಭಾನುವಾರದ ಹಾಲ್ ಸಾಲಿಹಲ್‌ನ ಆಚೆಗೆ ಹೋಗುವುದಿತ್ತು. ಅಲ್ಲಿ ಹೊಸದಾಗಿ ಕಟ್ಟಿದ ಕಮ್ಯುನಿಟಿ ಸೆಂಟರ್, ವಿಶಾಲವಾದ ಕಾರ್ ಪಾರ್ಕ್, ನೆಲಕ್ಕೆ ಕಾರ್ಪೆಟ್. ಕಾರಿಲ್ಲದವರು ಎರಡು ಬಸ್ಸು ಬದಲಿಸಿ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯಬೇಕು. ವೈಲೆಟ್ ಆಂಟಿ ಗೆದ್ದರೆ ಹಾಲ್ ಸೆಲ್ಲಿ ಓಕ್‌ನಲ್ಲೇ ಉಳಿಯುತ್ತಿತ್ತು, ನನ್ನ ಒಳಕೋಣೆಯೂ ಉಳಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ನಾವು, ಮತ ಇಲ್ಲದವರೂ ನಾವೇ.

ಒಂದು ಭಾನುವಾರ ಪ್ರಸನ್ನ ಸರ್ ಹತ್ತಿರ ಹೋಗಿ, ನಮಗೂ ಮತ ಕೊಡಿ ಅಂದೆ.

"ನೋಡಿಮ್ಮ, ಬೈಲಾ ಹಾಗಿದೆ" ಅಂದರು. "ಸ್ಟೂಡೆಂಟ್ಸ್ ಇವತ್ತು ಇರ್ತೀರ, ನಾಳೆ ಹೊರಟುಹೋಗ್ತೀರ. ನಿಮಗೆ ವೋಟ್ ಕೊಟ್ರೆ ಕಂಟಿನ್ಯುಟಿ ಇರಲ್ಲ, ಅಲ್ವಾ?"

"ಅಡುಗೆಗೆ ಇದೆಯಲ್ಲ ಸರ್, ಕಂಟಿನ್ಯುಟಿ."

ಅವರು ನಕ್ಕರು. "ಚೆನ್ನಾಗಿ ಮಾತಾಡ್ತೀರ" ಅಂದರು. ಹಾಗನ್ನುವವರಿಗೆ ನಮ್ಮ ಮಾತು ಕಿವಿಗೇ ಬಿದ್ದಿರುವುದಿಲ್ಲ.

ಆಗ ನನಗೆ ಗುವಾಮ್ ನೆನಪಾಯಿತು. ನಾವು ವಿದ್ಯಾರ್ಥಿಗಳು ಬೇರೆ ಪೆಟ್ಟಿಗೆ ಇಟ್ಟು, ಅದೇ ದಿನ ನಮ್ಮದೇ ಮತ ಹಾಕೋಣ. ಲೆಕ್ಕಕ್ಕೆ ಬರದಿದ್ದರೂ ಚಿಂತೆಯಿಲ್ಲ, ಎಲ್ಲರ ಮುಂದೆ ಎಣಿಸೋಣ. ನಮ್ಮ ಎಣಿಕೆ ನೋಡಿ ಅವರಿಗೆ ನಾಚಿಕೆಯಾಗಲಿ. ಹುಡುಗರೆಲ್ಲ ಕುಣಿದಾಡಿದರು. ತಾಸಿ ಮಾತ್ರ ಬೇಡ ಅಂದಳು.

"ನಮ್ಮಲ್ಲೂ ಯಾರೂ ಮೇಲಿನಿಂದ ಹೇರಿದ್ದಲ್ಲ, ನಾವೇ ಮಾಡಿಕೊಂಡ ಕಾನೂನು. ಅವರಿಗೆ ನಾಚಿಕೆಯಾಗಲಿ ಅಂತಲೇ ಮಾಡಿದ್ದು. ನಾನು ಹುಟ್ಟುವ ಮೊದಲಿನಿಂದ ಹಾಕುತ್ತಿದ್ದೇವೆ. ಅವರಿಗೆ ಇನ್ನೂ ನಾಚಿಕೆಯಾಗಿಲ್ಲ."

ಪ್ರಸನ್ನ ಸರ್ ಒಂದೇ ಮಾತಿಗೆ ಒಪ್ಪಿಕೊಂಡರು. "ಎಕ್ಸಲೆಂಟ್ ಐಡಿಯಾ. ರಾಜ್ಯೋತ್ಸವದ ದಿನವೇ ಇಟ್ಕೊಳ್ಳಿ. ನಿಮ್ಮ ರಿಸಲ್ಟನ್ನೇ ಮೊದಲು ಅನೌನ್ಸ್ ಮಾಡೋಣ." ನಾನು ಹೋಗಿ ಇದನ್ನು ಹೇಳಿದಾಗ ವೈಲೆಟ್ ಆಂಟಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು. "ಅವರು ಅಷ್ಟು ಬೇಗ ಹೂಂ ಹೇಳಿದ್ದು ನೋಡಿದ್ರೆ ಇದರಲ್ಲಿ ಎಂತದೋ ಉಂಟು ಮಾರಾಯ್ತಿ" ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆ ಮಸಿಯ ಹಿಂದೆ ಓಡುತ್ತಿತ್ತು.

ಜುಲೈನ ಪೆನ್ಸಿಲಿನ ಮೇಲಿನ ಸಿಟ್ಟು ನನಗೆ ಇಳಿದಿರಲಿಲ್ಲ. ಮತ ಅಂದಮೇಲೆ ಬೆರಳಿಗೆ ಮಸಿ ಬೇಕೇ ಬೇಕು ಅಂತ ಹುಡುಗರದೂ ಹಠ. ಮೈಸೂರಿನಲ್ಲಿ ತಯಾರಾಗುವ ನಮ್ಮ ಚುನಾವಣೆಯ ಮಸಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಇಲ್ಲಿ ಔಷಧಿ ಅಂಗಡಿಯಲ್ಲಿ ನರಹುಲಿ ಸುಡುವ ಕಡ್ಡಿ ಅಂತ ಸಿಗುವುದರಲ್ಲೂ ಅದೇ. ಒಂದು ಕಡ್ಡಿ ತಂದು, ಅದರ ತುದಿಯನ್ನು ಬಾಟಲಿಯ ಶುದ್ಧ ನೀರಿನಲ್ಲಿ ತೆಳ್ಳಗೆ ಕರಗಿಸಿ, ಬೆಳಕು ತಾಗದಂತೆ ಕಪ್ಪು ಸೀಸೆಯಲ್ಲಿಟ್ಟೆ. ಎಂಎಸ್ಸಿ ಓದಿದ್ದು ಮೊದಲ ಸಲ ಪ್ರಯೋಜನಕ್ಕೆ ಬಂತು ಅನಿಸಿತು.

ಅದೇ ವಾರ ತಾಸಿಗೆ ಊರಿನಿಂದ ಮತಪತ್ರ ಬಂತು. ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಕೂತಳು. ದ್ವೀಪದ ಪ್ರತಿನಿಧಿಗಳ ಹೆಸರಿಗೆ ಬೇಗ ಬೇಗ ಗುರುತು ಹಾಕಿದಳು. ಅಧ್ಯಕ್ಷರ ಹೆಸರುಗಳ ಹತ್ತಿರ ಬಂದಾಗ ಪೆನ್ನು ನಿಂತಿತು. ಒಲೆಯ ಮೇಲಿಟ್ಟಿದ್ದ ನನ್ನ ಚಹಾ ಉಕ್ಕಿತು. ನಾನು ಅದನ್ನು ಒರೆಸಿ ಬರುವಷ್ಟರಲ್ಲಿ ಅಲ್ಲಿಯೂ ಗುರುತು ಹಾಕಿ ಮಡಚುತ್ತಿದ್ದಳು.

"ನನಗೆ ಬೇಡ ಅಂದವಳು ನೀನ್ಯಾಕೆ ಹಾಕಿದೆ?" ಅಂದೆ.

"ಖಾಲಿ ಬಿಟ್ಟರೆ ಇವರಿಗೆ ಮತವೇ ಬೇಕಾಗಿಲ್ಲ ಅನ್ನುತ್ತಾರೆ" ಅಂದಳು. ಅವಳ ಮುಖದಲ್ಲಿದ್ದದ್ದು ಅಸಹ್ಯ. ಯಾರ ಮೇಲೆ ಅಂತ ಆಗ ನನಗೆ ಅರ್ಥವಾಗಲಿಲ್ಲ.

ರಾಜ್ಯೋತ್ಸವದ ದಿನ ಅಪರೂಪಕ್ಕೆ ಬಿಸಿಲಿತ್ತು, ನೀರು ಬೆರೆಸಿದ ಮಜ್ಜಿಗೆಯಂಥ ಬಿಸಿಲು. ಬೆಳಗಿನಿಂದ ಬಿಸಿಬೇಳೆಬಾತು, ಮೊಸರನ್ನ, ಜಿಲೇಬಿ ಅಂತ ದುಡಿದು, ಕೈ ತೊಳೆದು ನಾವೆಲ್ಲ ಸಾಲು ನಿಂತೆವು. ಬೆಂಕಿಕಡ್ಡಿಯಿಂದ ಒಬ್ಬೊಬ್ಬರ ಎಡಗೈ ತೋರುಬೆರಳಿಗೆ ನಾನೇ ಹಚ್ಚಿದೆ. ಆಜೀವ ಸದಸ್ಯರು ಫೋನು ಹಿಡಿದು ಫೋಟೋ ತೆಗೆದರು. ಸಿಲ್ವರ್ ನೈಟ್ರೇಟಿಗೆ ಬಣ್ಣ ಬರಲು ಬೆಳಕು ಬೇಕು. ಊರಿನಲ್ಲಾದರೆ ಮತಗಟ್ಟೆಯಿಂದ ಹೊರಗೆ ಬರುವಷ್ಟರಲ್ಲಿ ಕಪ್ಪಾಗುತ್ತದೆ. ಇಲ್ಲಿ ಬರೀ ಒದ್ದೆ ಬೆರಳು. "ಏನ್ರೀ, ನೀರು ಹಚ್ಚಿದ್ದೀರಾ?" ಅಂತ ಯಾರೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ಆಮೇಲೆ ಅವರು ತಮ್ಮ ಪೆಟ್ಟಿಗೆಗೆ ಮತ ಹಾಕಿದರು. ಮಸಿ ಬೇಕಾ ಅಂದಿದ್ದಕ್ಕೆ ಸೋಮವಾರ ಆಫೀಸಿದೆ ಅಂದರು.

ಊಟವಾದ ಮೇಲೆ ಪ್ರಸನ್ನ ಸರ್ ಮೈಕ್ ಹಿಡಿದರು. ಮೊದಲು ನಮ್ಮ ಫಲಿತಾಂಶ. ಒಂದೆರಡು ಬಿಟ್ಟರೆ ಎಲ್ಲವೂ ವೈಲೆಟ್ ಆಂಟಿಗೆ. ಜೋರಾಗಿ ಚಪ್ಪಾಳೆ ಬಿತ್ತು, ಸೋತ ಪ್ರಸನ್ನ ಸರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಮೇಲೆ ನಿಜವಾದ ಎಣಿಕೆ. ಅದರಲ್ಲಿ ಅವರು ಸುಲಭವಾಗಿ ಗೆದ್ದಿದ್ದರು.

"ಈ ಸಲದ ವಿಶೇಷ ಏನು ಅಂದ್ರೆ, ನಮ್ಮ ಸ್ಟೂಡೆಂಟ್ಸೂ ವೋಟ್ ಮಾಡಿದ್ದಾರೆ" ಅಂದರು. "ಹಾಗಾಗಿ ಹೊಸ ಹಾಲ್‌ಗೆ ಹೋಗೋದು ನನ್ನೊಬ್ಬನ ನಿರ್ಧಾರ ಅಲ್ಲ. ಇಡೀ ಸಂಘದ್ದು."

ನಾನು ಎದ್ದು ನಿಂತೆ. "ನಾವು ಬೇಡ ಅಂತ ಹಾಕಿದ್ದೀವಲ್ಲ ಸರ್."

"ಹೌದಮ್ಮ, ಅದನ್ನೂ ರೆಸ್ಪೆಕ್ಟ್ ಮಾಡ್ತೀವಿ. ನಿಮ್ಮನ್ನ ಕೇಳಿದ್ವಲ್ಲ?"

ಅಲ್ಲಿಯವರೆಗೆ ಆ ಹಾಲಿನಲ್ಲಿ ನಾನು ಎಲ್ಲರಂತೆ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದವಳು. ಸಿಟ್ಟು ಬಂದಾಗ ಗದಗೇ ಹೊರಗೆ ಬಂತು. "ನಾವು ಹೇಳಿದ್ದು ಕೇಳೂದಿಲ್ಲ ಅಂದಮ್ಯಾಲೆ ನಮ್ಮನ್ನ ಕೇಳೂದು ಯಾಕ್ರಿ?"

ಒಬ್ಬರು ಕೆಮ್ಮಿದರು. ಯಾರೋ "ಗ್ರೂಪ್ ಫೋಟೋ, ಗ್ರೂಪ್ ಫೋಟೋ" ಅಂದರು. ಕಿಟಕಿಯ ಬೆಳಕಿಗೆ ಆಗಷ್ಟೇ ನಮ್ಮ ಬೆರಳುಗಳು ಕಪ್ಪಾಗುತ್ತಿದ್ದವು. "ಬೆರಳು ಎತ್ತಿ, ಎಲ್ಲರೂ ಬೆರಳು ಎತ್ತಿ." ಏನಾಯಿತು ಅಂತ ಸರಿಯಾಗಿ ತಿಳಿಯುವ ಮೊದಲೇ ಹುಡುಗರು ಬೆರಳು ಎತ್ತಿದರು. ಮುಂದೆ ಹೊಸ ಹಾಲಿನ ಪೋಸ್ಟರಿನಲ್ಲಿ ಬಂದದ್ದು ಅದೇ ಫೋಟೋ, ಮೇಲೆ "ಎಲ್ಲರ ಮತ, ಎಲ್ಲರ ಸಂಘ" ಅಂತ ಕೆಂಪು ಹಳದಿ ಅಕ್ಷರಗಳಲ್ಲಿ. ನಾವು ಮತ ಹಾಕದೆ ಸುಮ್ಮನಿದ್ದಿದ್ದರೆ ಆ ಪೋಸ್ಟರಿಗೆ ಅವರ ಹತ್ತಿರ ಏನೂ ಇರುತ್ತಿರಲಿಲ್ಲ.

ಅವತ್ತು ಪಾತ್ರೆ ತೊಳೆಯುವಾಗ ಅನನ್ಯಾ ಅಡುಗೆಮನೆಯ ಬಾಗಿಲಿಗೆ ಬಂದಳು. "ಮಿಸ್, ಡಿಡ್ ಯೂ ವಿನ್?" ಅಂದಳು. ಗೆದ್ದೆವು ಅಂದೆ. "ದೆನ್ ವೈ ಆರ್ ವೀ ಮೂವಿಂಗ್?" ಅಂದಳು. ಹಂಡೆಯೊಳಗೆ ತಲೆ ಹಾಕಿ ಉಜ್ಜುತ್ತಾ ನಿಂತೆ. ಅವಳು ಸ್ವಲ್ಪ ಹೊತ್ತು ಕಾದು ಹೋದಳು. ಆಮೇಲೆ ನಾನು ಅತ್ತೆ. ದುಃಖಕ್ಕಲ್ಲ, ಅವಮಾನಕ್ಕೆ.

ಹೊಸ ವರ್ಷಕ್ಕೆ ಹಾಲ್ ಬದಲಾಯಿತು. ನಾನು ಬಿಡದೆ ಎರಡು ಭಾನುವಾರ ಹೋದೆ. ಮೊದಲ ಸಲ ಬಸ್ಸು ಹೊತ್ತಿಗೆ ಬರಲಿಲ್ಲ, ತಲುಪುವಷ್ಟರಲ್ಲಿ ಪಾಠದ ಗಂಟೆ ಮುಗಿದು ಮಕ್ಕಳು ಪಾರ್ಕಿನಲ್ಲಿ ಆಡುತ್ತಿದ್ದರು. ಎರಡನೆಯ ಸಲ ಹಿಮದ ಕೆಸರಿನಲ್ಲಿ ಸೊಂಟದವರೆಗೆ ನೆನೆದು ಹೋದರೆ, ನನ್ನ ಜಾಗದಲ್ಲಿ ಒಂದು ಟಿವಿ ಹಾಕಿ ಅಕ್ಷರಗಳ ವಿಡಿಯೋ ಬಿಟ್ಟಿದ್ದರು. "ನಿಮಗೆ ತೊಂದರೆ ಆಗ್ಬಾರ್ದು ಅಂತ" ಅಂದರು ಪ್ರಸನ್ನ ಸರ್. ಅದೇ ಕೊನೆ. ತಾಸಿ ಜನವರಿಯಲ್ಲಿ ತನ್ನ ದ್ವೀಪಕ್ಕೆ ಹೊರಟುಹೋದಳು. ನನ್ನ ಉಗುರಿನ ಕಲೆ ಮಾತ್ರ ಹೋಗಲಿಲ್ಲ. ಚರ್ಮದ ಮೇಲಿನದು ಅಳಿಸಿತು, ಉಗುರಿನದು ಉಗುರು ಬೆಳೆದ ಹಾಗೆ ನಿಧಾನವಾಗಿ ಮೇಲೆ ಬಂತು. ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಕಾರ್ಖಾನೆಯ ಇಂಟರ್‌ವ್ಯೂನಲ್ಲಿ ಬಾಗಿಲಿಗೆ ಸಿಕ್ಕಿ ಪೆಟ್ಟಾಯಿತೇ ಅಂತ ಕೇಳಿದರು. ಹೌದು ಅಂದೆ.

ಇಷ್ಟೆಲ್ಲ ಆದಮೇಲೆ ಕಳೆದ ನವೆಂಬರಿನ ಆಹ್ವಾನ. ವಿದ್ಯಾರ್ಥಿಗಳ ಮತದಾನ ಈಗ ಸಂಘದ ಸಂಪ್ರದಾಯವಾಗಿದೆಯಂತೆ. ಹೋಗಬಾರದು ಅಂದುಕೊಂಡವಳು ಹೋದೆ, ಪೋಸ್ಟರಿನಲ್ಲಿರುವ ನನ್ನ ಬೆರಳನ್ನು ಅವರ ಎದುರೇ ನಿಂತು ನೋಡಬೇಕು ಅಂತ. ಸೆಲ್ಲಿ ಓಕ್ ಸ್ಟೇಷನ್ನಿನ ಹೊರಗೆ ಸಂಘದ ವ್ಯಾನು ನಿಂತಿತ್ತು. ವರ್ಷವಿಡೀ ಇಲ್ಲದ ವ್ಯಾನು ಆ ಒಂದು ದಿನ ಇರುತ್ತದೆ, ಯಾಕೆಂದರೆ ಅವತ್ತು ಅಡುಗೆ ದೊಡ್ಡದು. ಹೊಸ ಹುಡುಗರು, ಹೊಸ ಹುಡುಗಿಯರು, ಮಡಿಲಲ್ಲಿ ಹೆಚ್ಚಿದ ತರಕಾರಿಯ ಡಬ್ಬಿಗಳು. ಮಸಿಯ ಸೀಸೆ ರಾಯಚೂರಿನ ನಸೀಮಾ ಅನ್ನುವ ಹುಡುಗಿಯ ಕೈಯಲ್ಲಿತ್ತು.

ಹೊಸ ಹಾಲಿನಲ್ಲಿ ಮತದ ಸಾಲು ನಿಂತಾಗ ಅವಳು ಬಂದು, "ಅಕ್ಕಾ, ಮೊದಲನೇ ಬೆರಳು ನಿಮ್ಮದು ಕೊಡ್ರಿ" ಅಂದಳು.

"ಇದು ಲೆಕ್ಕಕ್ಕ ಬರಂಗಿಲ್ಲ ಅಂತ ಗೊತ್ತೈತಿಲ್ಲೋ ನಿನಗ?"

"ಗೊತ್ತೈತ್ರಿ. ಹಾಕಲಿಲ್ಲಂದ್ರ ಇವರಿಗೆ ಬೇಕಾಗಿಲ್ಲ ಅಂತಾರಲ್ರಿ."

ತಾಸಿಯ ಮಾತು. ಅವತ್ತು ತಾಸಿಯ ಮುಖದಲ್ಲಿದ್ದ ಅಸಹ್ಯ ಅವಳ ಮೇಲೆಯೇ ಅಂತ ಆಗ ನನಗೆ ಅರ್ಥವಾಯಿತು.

"ಹಂಗಾದ್ರ ಹಾಕ್ರಿ" ಅಂದೆ. "ಹಾಕಿ, ಹೊಟ್ಟಿ ತುಂಬ ಊಟ ಮಾಡ್ರಿ. ಊಟ ಆದಮ್ಯಾಲೆ ವ್ಯಾನ್ ಹತ್ರಿ. ಇವತ್ತ ಯಾರೂ ಭಾಂಡೆ ತಿಕ್ಕಾಕ ಕೈ ಹಚ್ಚಬ್ಯಾಡ್ರಿ."

ನಸೀಮಾ ಸೀಸೆಯ ಮುಚ್ಚಳ ತಿರುಗಿಸುತ್ತಾ ನನ್ನ ಮುಖ ನೋಡಿದಳು. ಆಮೇಲೆ ಹಿಂದೆ ತಿರುಗಿ ಪಕ್ಕದವಳ ಕಿವಿಯಲ್ಲಿ ಹೇಳಿದಳು. ಅವಳು ತನ್ನ ಹಿಂದಿನವನಿಗೆ ಹೇಳಿದಳು. ಸಾಲು ಮುಂದೆ ಹೋಗುತ್ತಿತ್ತು, ಮಾತು ಹಿಂದೆ ಹೋಗುತ್ತಿತ್ತು.

ನನಗೆ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ವಿದ್ಯಾರ್ಥಿಗಳ ಫಲಿತಾಂಶ ಮೊದಲು ಓದಿದರು, ನಕ್ಕರು, ಪ್ರಸನ್ನ ಸರ್ ಮತ್ತೆ ಗೆದ್ದರು. ವೈಲೆಟ್ ಆಂಟಿ ಈ ಸಲ ನಿಂತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಊಟ ಮುಗಿಯಿತು. ಹುಡುಗರು ಒಬ್ಬೊಬ್ಬರಾಗಿ ಎದ್ದು, ಜಾಕೆಟ್ ಹಾಕಿಕೊಂಡು, ಹೊರಗೆ ನಿಂತಿದ್ದ ವ್ಯಾನಿಗೆ ಹೋಗಿ ಕೂತರು. ಯಾರೂ ಜಗಳವಾಡಲಿಲ್ಲ, ಯಾರೂ ಹಿಂತಿರುಗಿ ನೋಡಲಿಲ್ಲ.

ನಾನು ಅಡುಗೆಮನೆಗೆ ಹೋದೆ. ಬಿಸಿಬೇಳೆಬಾತಿನ ಹಂಡೆಗಳು, ಎಣ್ಣೆಯ ಬಾಣಲೆಗಳು, ತಟ್ಟೆಗಳ ಗುಡ್ಡೆ. ಇಲ್ಲಿ ನಲ್ಲಿ ಒಂದೇ, ನೀರು ಹದವಾಗಿ ಬರುತ್ತದೆ. ಶಾಲನ್ನು ತೆಗೆದು ಮಡಚಿ ಸಿಂಕಿನ ಪಕ್ಕದಲ್ಲಿಟ್ಟೆ. ಪಾತ್ರೆ ಒರೆಸಲು ಬಟ್ಟೆ ಬೇಕಾಗುತ್ತದಲ್ಲ. ಅಷ್ಟರಲ್ಲಿ ಪ್ರಸನ್ನ ಸರ್ ಬಂದು ಬಾಗಿಲಲ್ಲಿ ನಿಂತರು. ಮೊದಲ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ಏನಮ್ಮ ಇದು, ಎಲ್ಲ ಹೊರಟುಬಿಟ್ರು. ಇದನ್ನೆಲ್ಲ ಯಾರು ತೊಳೀಬೇಕು?"

"ವೋಟಿಗೆ ಹಾಕ್ರಿ ಸರ" ಅಂದೆ. "ನಮ್ಮದನ್ನ ಮಾತ್ರ ಎಣಸಬ್ಯಾಡ್ರಿ."